ಇನ್ನೂರ ಎಂಬತ್ತು ಹಾಲಿ ರೂಪಾಯಿ

ಶ್ರೀ ಗುರುಬಸವಲಿಂಗಾಯ ನಮಃ

ಭಾಲ್ಕಿ,
ತಾ. ೨೧-೧-೧೯೫೭

ಚಿ. ಸೌ. ಶಾಲುಬಾಯಿಗೆ ತಾಯಿಯ ಆಶೀರ್ವಾದ.

ನಿನ್ನ ಪತ್ರ ಕೈಸೇರಿ ಹನ್ನೆರಡು ದಿನವಾಯಿತು. ಅವ್ವ ಸಿಟ್ಟಾಗಿದ್ದಾಳೆ ಎಂದುಕೊಂಡಿದ್ದರೆ ಅದನ್ನು ಬಿಡು. ಔರಾದಿನ ನಿನ್ನ ಸೋದರತ್ತೆ ವಿಮಲಾಬಾಯಿ ಹೊಸ ಮನೆಗೆ ಒಕ್ಕಲಾದಳು. ಅಲ್ಲಿ ಐದು ದಿನ ಅಡುಗೆಯ ಉಸ್ತುವಾರಿ ನನ್ನದೇ. ತಿರುಗಿ ಬಂದವಳು ಬೀದರಿಗೆ ಹೋಗಬೇಕಾಯಿತು. ಏಕೆಂಬುದನ್ನು ಮುಂದೆ ಬರೆಯುತ್ತೇನೆ.

ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ನಿಮ್ಮಪ್ಪನ ಮೊಣಕಾಲು ಚಳಿಗೆ ಹಿಡಿದಿದೆ, ಬಾಯಿ ಮಾತ್ರ ಹಿಡಿದಿಲ್ಲ. ತೊಗರಿ ರಾಶಿ ಮುಗಿಯಿತು. ನಾವು ಮೈಸೂರು ರಾಜ್ಯಕ್ಕೆ ಸೇರಿ ಮೂರು ತಿಂಗಳಾಗುತ್ತ ಬಂತು. ಕಚೇರಿಯ ಕಾಗದ ಇನ್ನು ಉರ್ದು ಬಿಟ್ಟು ಕನ್ನಡದಲ್ಲಿ ಎಂಬ ಸುದ್ದಿ ಬಂದಾಗಿನಿಂದ ತಹಶೀಲಿನ ಗುಮಾಸ್ತ ಮುನೀರೋದ್ದೀನ ಸಾಹೇಬರು ದಿನಾಲೂ ಸಂಜೆ ಪಾಟಿ ಹಿಡಿದು ನಮ್ಮ ಪಡಸಾಲೆಗೆ ಬರುತ್ತಾರೆ.

"ಇಷ್ಟು ವರ್ಷ ನೀವು ಅರ್ಜಿ ಹಿಡ್ಕೊಂಡು ನನ್ನ ಮುಂದ ನಿಂತ್ರಿ ಬಾಯಾರ. ಈಗ ನೋಡ್ರಿ, ನಾ ಪಾಟಿ ಹಿಡ್ಕೊಂಡು ನಿಮ್ಮ ಮುಂದ ಕುಂತೀನಿ" ಎಂದರು ಮೊದಲ ದಿನ.

"ನೀವು ನನಗ ಮೂರು ಮೂರು ತಾಸು ನಿಂದರಿಸಿದ್ರಿ ಸಾಹೇಬ್ರ. ನಾ ನಿಮಗ ಚಾಪಿ ಹಾಸೀನಿ. ಳ ಅಕ್ಷರ ಮತ್ತ ಇಪ್ಪತ್ತು ಸಲ ತಿದ್ರಿ" ಎಂದೆ. ನಿಮ್ಮಪ್ಪ ಒಳಗಿನಿಂದಲೇ ನಕ್ಕರು.

ಈಗ ನಿನ್ನ ವಿಷಯ. ಫೆಬ್ರುವರಿ ಐದಕ್ಕೆ ಮುಂಬಯಿಯಿಂದ ಹಡಗು, ಕಂಕುಳಲ್ಲಿ ಒಂಬತ್ತು ತಿಂಗಳ ಕೂಸು. ಅಳಿಯಂದಿರಿಗೆ ಆ ದೇಶದ ರೈಲ್ವೆಯಲ್ಲಿ ರಜೆ ಬೇಗ ಸಿಗದಿದ್ದರೆ ಮೊಂಬಾಸಾ ಬಂದರಿಗೆ ಬರುವುದು ಎರಡು ದಿನ ತಡವಾಗಬಹುದು ಎಂದು ಅವರೇ ಬರೆದಿದ್ದಾರಂತೆ. ಅಲ್ಲಿ ನಡೆಯುವುದು ಶಿಲ್ಲಿಂಗ್. ಮುಂಬಯಿ ಕೋಟೆಯ ಹತ್ತಿರದ, ಹಣ ಬದಲಿಸುವ ಪರವಾನಗಿ ಸರಾಫ ರೂಪಾಯಿಗೆ ಸವಾ ಶಿಲ್ಲಿಂಗ್, ಅಂದರೆ ಒಂದೂಕಾಲು, ಕೊಡುತ್ತೇನೆ ಎಂದ. ಬ್ಯಾಂಕಿನ ಲೆಕ್ಕ ಒಂದೂವರೆ. ಬ್ಯಾಂಕಿನ ಕಾಗದ ಹಡಗು ಹೊರಡುವುದರೊಳಗೆ ಆಗುವುದಿಲ್ಲ. "ನಾನೂ ನಿನ್ನ ಮಗಳು. ಅವನು ಒಂದೂವರೆಗೆ ಬಾರದಿದ್ದರೆ ಬರಿಗೈಲಿ ಹಡಗು ಹತ್ತುವೆ, ಹಣ ಬದಲಿಸುವ ವಟಾವು ಮಾತ್ರ ಕೊಡಲಾರೆ" ಎಂದು ಬರೆದಿರುವೆ.

ಈ ಸಾಲನ್ನು ಮೂರು ಸಲ ಓದಿದೆ. ಮಾತು ನಿನ್ನದಲ್ಲ, ನನ್ನದು.

ನಿಜಾಮರ ಕಾಲದಲ್ಲಿ ನಮಗೆ ಸೊಲ್ಲಾಪುರವೇ ಪರದೇಶ. ಇಲ್ಲಿ ನಿಜಾಮರ ಹಾಲಿ ಸಿಕ್ಕಾ ರೂಪಾಯಿ, ಗಡಿ ದಾಟಿದರೆ ಬ್ರಿಟಿಷರ ಕಲ್ದಾರ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ, ಅದು ಧರ್ಮದ ದರ. ಸರಾಫ ಅದಕ್ಕಿಂತ ಒಂದಾಣೆ ಹೆಚ್ಚು ಮುರಿದುಕೊಂಡರೂ ನಾನು ಕಟ್ಟೆಯಿಂದ ಏಳುತ್ತಿರಲಿಲ್ಲ. ನಿಜಾಮರು ಹೋದ ಮೇಲೂ ಬಿಡಲಿಲ್ಲ; ನಿನ್ನ ಮದುವೆಯ ಸೀರೆಗೆ ಹೊರಟಾಗ ಎರಡು ದಿನ ಕೂತದ್ದು ನೆನಪಿದೆಯೇ? "ಭಾಗೀರಥಿಬಾಯಿ ಬಂದಳು, ತಕ್ಕಡಿ ಒಳಗ ಇಡ್ರಿ" ಎಂದು ಪೇಟೆಯವರು ಆಡಿಕೊಳ್ಳುತ್ತಿದ್ದರು. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ವಿದ್ಯೆ ಕಲಿಸಿದವಳು ನಾನೇ. ಅದನ್ನು ಈ ಪ್ರಯಾಣದಲ್ಲಿ ಮರೆತುಬಿಡು. ಸರಾಫ ಹೇಳಿದ ದರಕ್ಕೆ ಬದಲಿಸಿಕೊ. ಅರ್ಧವನ್ನು ಕುಪ್ಪಸದ ಒಳಚೀಲದಲ್ಲಿಡು, ಅರ್ಧ ಕೂಸಿನ ದುಪ್ಪಟಿಯಲ್ಲಿ ಹೊಲಿ. ಇಳಿದ ಕೂಡಲೇ ಟಾಂಗಾಕ್ಕೆ, ಹಾಲಿಗೆ, ಡಾಕ್ಟರಿಗೆ ಆ ಊರಿನ ದುಡ್ಡು ನಿನ್ನ ಕೈಯಲ್ಲಿರಬೇಕು. ಅಳಿಯಂದಿರು ಬರುವ ತನಕ ಯಾರ ಮೋರೆಯನ್ನೂ ನೋಡಬಾರದು.

ಇದಕ್ಕೆಂದೇ ಬೀದರಿಗೆ ಹೋದೆ. ನನ್ನ ಪೆಟ್ಟಿಗೆಯ ತಳದಲ್ಲಿ ಇನ್ನೂರ ಎಂಬತ್ತು ಹಾಲಿ ರೂಪಾಯಿ ಒಂದು ಗಂಟಿನಲ್ಲಿತ್ತು. ಹಾಲಿಯ ಕಾಲ ಮುಗಿಯುತ್ತ ಬಂತು. ಬ್ಯಾಂಕಿನ ಕಟ್ಟೆಯ ಮೇಲೆ ಗಂಟನ್ನೇ ಇಟ್ಟೆ. "ಬಿಚ್ಚಿ ಎಣಸ್ರಿ ಬಾಯಾರ" ಎಂದ ಗುಮಾಸ್ತ.

"ನೀವೇ ಎಣಸ್ರಿ. ಎಷ್ಟ್ ಆಗ್ತದ ಅಷ್ಟು ಕೊಡ್ರಿ."

ಜೊತೆಗೆ ಬಂದಿದ್ದ ನಿನ್ನಣ್ಣ ಮಾಣಿಕ ನನ್ನ ಹಣೆ ಮುಟ್ಟಿ ನೋಡಿದ. "ಅವ್ವಾ, ಮೈಯಾಗ ಆರಾಮ ಅದಿಯಿಲ್ಲ?" ಎಂದ.

ಇನ್ನೂರ ನಲವತ್ತು ರೂಪಾಯಿ ಬಂತು. ಅಷ್ಟನ್ನೂ ನಿನಗೆ ಮನಿಆರ್ಡರ್ ಮಾಡಿದ್ದೇನೆ. ಫಾರಂ ಬರೆದವರು ಮುನೀರೋದ್ದೀನ ಸಾಹೇಬರು, ಕನ್ನಡದಲ್ಲಿ. ನಿನ್ನ ಹೆಸರಿನಲ್ಲಿ ಳ ಇಲ್ಲವೇ ಇಲ್ಲ, ಆದರೂ ಶಾಳುಬಾಯಿ ಎಂದು ಬರೆದಿದ್ದಾರೆ; ಅಂಚೆಯವನು ತಕರಾರು ಮಾಡಿದರೆ ಗಾಬರಿಯಾಗಬೇಡ. ಕಲಿತದ್ದನ್ನು ಎಲ್ಲ ಕಡೆ ಬರೆಯುವ ಹುರುಪು ಅವರದು.

ಹಡಗಿನಲ್ಲಿ ಕೂಸಿಗೆ ಕುದಿಸಿ ಆರಿಸಿದ ನೀರನ್ನೇ ಕೊಡು. ಅಳಿಯಂದಿರಿಗೆ ನಮ್ಮ ಶರಣಾರ್ಥಿ. ಬಸವಣ್ಣ ನಿಮ್ಮ ಮೂವರನ್ನೂ ಕಾಯಲಿ. ದಡ ಮುಟ್ಟಿದ ದಿನವೇ ಎರಡು ಸಾಲು ಬರೆ.

ನಿನ್ನ ತಾಯಿ,
ಭಾಗೀರಥಿಬಾಯಿ ಹಾವಗೆಪ್ಪ

ತಾ. ಕ.: ಮೇಲಿನದನ್ನು ನಿನ್ನೆ ಬರೆದೆ. ಲಕೋಟೆ ಅಂಟಿಸಿರಲಿಲ್ಲ. ಆ ಗಂಟು ಎಲ್ಲಿಯದೆಂದು ನೀನು ಕೇಳುವೆ. ೧೯೪೮ರ ಬೇಸಿಗೆಯ ಗಲಭೆಯಲ್ಲಿ ನಿಮ್ಮಪ್ಪ ಮನೆ ಕಾಯಲು ಉಳಿದು, ಮುನ್ನೂರು ಹಾಲಿ ಕೊಟ್ಟು ನಮ್ಮನ್ನು ಸೊಲ್ಲಾಪುರಕ್ಕೆ ಕಳಿಸಿದ್ದರು. ಧರ್ಮಶಾಲೆಯಲ್ಲಿ ನಿನ್ನ ತಂಗಿ ನೀಲಾಳಿಗೆ ವಾಂತಿಭೇದಿ ಹಿಡಿಯಿತು. ಡಾಕ್ಟರು ಸೂಜಿಮದ್ದಿಗೆ ಹನ್ನೆರಡು ಕಲ್ದಾರ ಹೇಳಿದರು. ಕೂಸನ್ನು ನಿನ್ನ ತೊಡೆಯ ಮೇಲೆ ಹಾಕಿ, ಒಂದು ತಾಸಿನಲ್ಲಿ ಬರುತ್ತೇನೆ ಎಂದು ಹೋದೆ. ಮೊದಲ ಸರಾಫ ಇಪ್ಪತ್ತು ಹಾಲಿ ಕೇಳಿದ. ಧರ್ಮದ ದರಕ್ಕೆ ಹದಿನಾಲ್ಕಾಗುತ್ತಿತ್ತು. "ನಾವೇನು ಭಿಕ್ಷಾ ಬೇಡಲಿಕ್ಕೆ ಬಂದಿಲ್ಲ" ಎಂದು ಕಟ್ಟೆ ಇಳಿದೆ. ಒಂಬತ್ತು ಅಂಗಡಿ ತಿರುಗಿದೆ. ಆರು ಹಾಲಿ ಉಳಿಸುವ ಹಟದಲ್ಲಿ ದೀಪ ಹಚ್ಚುವ ಹೊತ್ತಾಯಿತು; ಯಾರೂ ಹದಿನಾಲ್ಕಕ್ಕೆ ಇಳಿಯಲಿಲ್ಲ, ಬರಿಗೈಲಿ ತಿರುಗಿ ಬಂದೆ.

ಮರುದಿನ ನೀಲಾಳ ಮಣ್ಣಿನ ಖರ್ಚಿಗೆ ಅದೇ ಮೊದಲ ಸರಾಫನಿಗೆ ಇಪ್ಪತ್ತು ಹಾಲಿ ಕೊಟ್ಟು ಹನ್ನೆರಡು ಕಲ್ದಾರ ತಂದೆ. ವಾರದಲ್ಲಿ ನಿನ್ನ ಸೋದರಮಾವ ಬಂದು ತನ್ನ ಮನೆಗೆ ಕರೆದೊಯ್ದ. ಉಳಿದ ಹಾಲಿಯನ್ನು ಆಮೇಲೆ ಬಿಚ್ಚಲೇ ಇಲ್ಲ. ಇದು ನಿಮ್ಮಪ್ಪನಿಗೂ ಗೊತ್ತಿಲ್ಲ.

ನೀನು ಆಗ ಹತ್ತು ವರ್ಷದವಳು. ಕೂಸು ಅತ್ತಿತೆಂದು ಒಂದು ಗುಟುಕು ನೀರು ಕುಡಿಸಿದ್ದೆ. "ನಾ ನೀರು ಕುಡಿಸಿದ್ದಕ್ಕs ಹೋಯಿತೇನವ್ವಾ?" ಎಂದು ನನ್ನ ಸೆರಗು ಹಿಡಿದು ಕೇಳಿದೆ. ನಾನು ಉತ್ತರ ಕೊಡಲಿಲ್ಲ. ಎಂಟು ವರ್ಷ ಕೊಡಲಿಲ್ಲ. ಈಗ ಕೊಡುತ್ತೇನೆ: ಅಲ್ಲ ಮಗಳೇ. ನಿನ್ನ ನೀರಿನಿಂದಲ್ಲ.

ಸರಾಫ ಸವಾ ಎಂದರೆ ಸವಾ ತೆಗೆದುಕೊ. ಒಂದೇ ಎಂದರೆ ಒಂದೇ ತೆಗೆದುಕೊ. ಎರಡನೆಯ ಅಂಗಡಿಗೆ ಹೋಗಬೇಡ.