ಬೋರಣ್ಣ ಕೊಟ್ಟ ವೀರಗಲ್ಲು

ಅಪ್ಪನಿಗೆ ಹೇಮಶ್ರೀಯ ನಮಸ್ಕಾರ.

ನವೀಕರಿಸಿದ ಮ್ಯೂಸಿಯಂಗೆ ಇವತ್ತು ಹೋಗಿದ್ದೆ. "ಬರೀ ಕಲ್ಲು, ಟೈಮ್ ವೇಸ್ಟ್" ಅಂತ ಜನ ಅದರ ಬಗ್ಗೆ ಆನ್‌ಲೈನ್‌ನಲ್ಲಿ ಬರೆದದ್ದನ್ನು ಕೇಳಿ, "ಅಲ್ಲಿಗೆ ಕಲ್ಲು ಕೊಟ್ಟು ತಪ್ಪು ಮಾಡ್ದೆ" ಅಂತ ನೀವು ಕೊರಗಿದ್ದಿರಿ. ಬೇಗೂರಿನ ನಮ್ಮ ಹೊಲ ಲೇಔಟ್ ಆಗುವಾಗ ಜೆಸಿಬಿಗೆ ಅಡ್ಡ ನಿಂತು ನೀವು ಉಳಿಸಿದ ವೀರಗಲ್ಲು ಈಗ ಬಾಗಿಲ ಎದುರೇ ಇದೆ. ಒಳ್ಳೆಯ ಬೆಳಕಿನಲ್ಲಿ ವೀರನ ಮೀಸೆಯೂ ಕಾಣುತ್ತದೆ.

ಶಾಲೆಯ ಮಕ್ಕಳು ಬಂದಿದ್ದರು. "ಮಿಸ್, ಇದನ್ನ ಯಾರು ಕೊಟ್ಟಿದ್ದು?" ಅಂತ ಒಬ್ಬಳು ಕೇಳಿದಳು. ಟೀಚರ್ ಫಲಕ ಓದಿದರು: "ಬೋರಣ್ಣ, ಬೇಗೂರು."

ನನಗೆ ತಡೆಯಲಾಗಲಿಲ್ಲ. "ನಮ್ಮಪ್ಪ ಕಣಮ್ಮ" ಅಂದುಬಿಟ್ಟೆ.

ಮಕ್ಕಳಿಗೆ ನಿಮ್ಮನ್ನು ನೋಡಬೇಕಂತೆ. ಶನಿವಾರ ಮತ್ತೆ ಬರುತ್ತಾರೆ. ತಮ್ಮ ಕೆಂಪರಾಜು ಕಾರು ತರುತ್ತಾನೆ. ಮಂಡಿನೋವಿನ ನೆಪ ಹೇಳದೆ, ಇಸ್ತ್ರಿ ಮಾಡಿದ ಪಂಚೆ ಉಟ್ಟು ಕಾಯುತ್ತಿರಿ.

ನಿಮ್ಮ ಮಗಳು,
ಹೇಮಶ್ರೀ