ಬಂದ್ರೇನ್ರಿ, ಬಾಯಾರ

ಖೂಬಾ ಪ್ಲಾಟ್, ಕಲಬುರಗಿ
8 ಫೆಬ್ರುವರಿ 2026, ರವಿವಾರ

ಪ್ರೀತಿಯ ದಾದಾ,

ನಿನ್ನ ಬೆನ್ನುನೋವು ಹೇಗಿದೆ? ಡಾಕ್ಟರು ಹೇಳಿದ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀಯೋ, ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ? ವಹಿನಿಯ ಸಕ್ಕರೆ ಕಾಯಿಲೆ ಹತೋಟಿಗೆ ಬಂತೇ? ಕಾರವಾರಕ್ಕೆ ಹೋದ ಹೊಸದರಲ್ಲಿ ಮೀನಿನ ವಾಸನೆಗೆ ಮೂಗು ಹಿಡಿದುಕೊಂಡು ಓಡಾಡುತ್ತಿದ್ದವನು ಈಗ ಬಂದರಿನ ಕಚೇರಿಯಲ್ಲಿ ಕಿಟಕಿ ತೆರೆದು ಕೂರುತ್ತೀಯಂತೆ. ವಹಿನಿ ಹೇಳಿದರು. ಆಯಿಗೆ ನಾನು ಹೇಳಿಲ್ಲ, ಹೆದರಬೇಡ. ಇಲ್ಲಿ ಆಯಿಯ ಬಿ.ಪಿ. ಸರಿಯಾಗಿದೆ, ಮೊಣಕಾಲು ಮಾತ್ರ ಹಟ ಮಾಡುತ್ತಿದೆ. ಊಟ ಮಾಡುತ್ತಾಳೆ, ನಿದ್ದೆ ಬರುತ್ತದೆ. ನಾನೂ ಚೆನ್ನಾಗಿದ್ದೇನೆ ಅಂತಲೇ ಬರೆಯಬೇಕು. ದಿನಾ ಬೆಳಿಗ್ಗೆ ಎದ್ದು, ಡಬ್ಬಿ ಕಟ್ಟಿಕೊಂಡು, ಕಮಲಾಪುರದ ಬಸ್ಸು ಹತ್ತಿ ಶಾಲೆಗೆ ಹೋಗಿ ಬರುವವಳನ್ನು ಚೆನ್ನಾಗಿಲ್ಲ ಅನ್ನಲು ಬರುವುದಿಲ್ಲ.

ಕೈಯಲ್ಲಿ ಮೊಬೈಲ್ ಇಟ್ಟುಕೊಂಡು ಇವಳೇಕೆ ಕಾಗದ ಬರೆದಳು ಅಂತ ನಿನಗೆ ಅನಿಸಬಹುದು. ಫೋನಿನಲ್ಲಿ ನಾವಿಬ್ಬರೂ ಮರಾಠಿಯಲ್ಲೇ ಮಾತಾಡುತ್ತೇವೆ. ಈ ವಿಷಯವನ್ನು ಮರಾಠಿಯಲ್ಲಿ ಹೇಳಲು ನನಗೆ ನಾಚಿಕೆಯಾಗುತ್ತದೆ. ಬರೆಯುವುದಾದರೆ ಕನ್ನಡದಲ್ಲಿ ಬರೆಯಬಹುದು, ನೀನೂ ನಾನೂ ಓದಿದ್ದು ಕನ್ನಡ ಶಾಲೆ, ಮರಾಠಿಯಲ್ಲಿ ಒಂದು ಚೀಟಿ ಬರೆಯಲೂ ನಮಗೆ ಬಾರದು. ಅದು ನಮಗೆ ಮನೆಯೊಳಗಿನ ಮಾತು, ಅಷ್ಟೇ. ಆ ಮಾತು ಈಗ ಮನೆಯೊಳಗೆ ಇಲ್ಲ ದಾದಾ. ಡಿಸೆಂಬರ್ ಕೊನೆಯ ವಾರದಿಂದ ಆಯಿ ನನ್ನ ಜೊತೆ ಮರಾಠಿ ಆಡಿಲ್ಲ.

ಮೊದಲಿನಿಂದ ಹೇಳುತ್ತೇನೆ. ನವೆಂಬರಿನಲ್ಲಿ ನಮ್ಮ ಕಡೆ ಶಿಕ್ಷಕರನ್ನೆಲ್ಲ ಮನೆ ಮನೆ ಸಮೀಕ್ಷೆಗೆ ಹಾಕಿದರು. ಮನೆಯಲ್ಲಿ ಎಷ್ಟು ಮಂದಿ, ಏನು ಓದಿದ್ದಾರೆ, ಮನೆಮಾತು ಯಾವುದು, ಹೀಗೆ. ಬರೆದು ಕೈ ಪಳಗಲಿ ಅಂತ ತರಬೇತಿಯ ದಿನವೇ ಅವರವರ ಮನೆಯ ಫಾರಂ ತುಂಬಿಸಿದರು. ಮನೆಮಾತಿನ ಕಾಲಮ್ಮಿಗೆ ಬಂದಾಗ ನಾನು ಸ್ವಲ್ಪ ತಡೆದೆ. ಪಕ್ಕದಲ್ಲಿ ಕೂತಿದ್ದ ಸುನಂದಾ ಟೀಚರ್ ನಗುತ್ತಾ, "ಕನ್ನಡ ಕಲಸೋ ಬಾಯಾರ ಮನ್ಯಾಗ ಮತ್ತ್ಯಾವ ಭಾಷಾ ಇರ್ತದ್ರಿ?" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾಲ್ಕು ಮಂದಿ ತಿರುಗಿ ನೋಡಿದರು. ನಾನೂ ನಕ್ಕು ಕನ್ನಡ ಅಂತ ಬರೆದೆ. ನನ್ನ ಹೆಸರಿನ ಮುಂದೆ ಬರೆದೆ, ಆಯಿಯ ಹೆಸರಿನ ಮುಂದೆಯೂ ಬರೆದೆ. ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ್ದೇನೆ, ಕನ್ನಡದ ಮೇಲೆ ನನಗಿರುವ ಪ್ರೀತಿ ಸುಳ್ಳಲ್ಲ. ಆದರೆ ಆ ದಿನ ನನ್ನ ಕೈಯಿಂದ ಬರೆಸಿದ್ದು ಪ್ರೀತಿಯಲ್ಲ, ಅಂಜಿಕೆ.

ಆಮೇಲೆ ಕಮಲಾಪುರದಲ್ಲಿ ನಮ್ಮ ಶಾಲೆಯ ಹಿಂದಿನ ಓಣಿ ನನ್ನ ಪಾಲಿಗೆ ಬಂತು. ನಲವತ್ತಮೂರು ಮನೆ, ಹೆಚ್ಚಿನವು ಉರ್ದು ಮಾತಾಡುವವರವು. ಮೊದಲನೆಯದು ಬಷೀರುನ್ನೀಸಾ ಅವರ ಮನೆ. ಅವರ ಮೊಮ್ಮಗಳು ತೂಬಾ ನಮ್ಮ ಶಾಲೆಯಲ್ಲೇ ಉರ್ದು ವಿಭಾಗದಲ್ಲಿ ಎರಡನೇ ಇಯತ್ತೆ. ಆ ಮುದುಕಿ ನನ್ನನ್ನು ಕೂರಿಸಿ ಚಹಾ ಕೊಟ್ಟು, ಹೊರಡುವಾಗ ಆಯಿಗೆ ಅಂತ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನೂ ಕೊಟ್ಟರು. ಮನೆಯಲ್ಲಿ ಯಾವ ಮಾತು ಆಡುತ್ತೀರಿ ಅಂತ ಕೇಳಿದೆ. "ನಿಮ್ಮ ಜೋಡಿ ಕನ್ನಡಾನೇ ಆಡಾಕತ್ತೀನಲ್ರಿ ಬಾಯಾರ, ಅದನ್ನೇ ಬರೀರಿ" ಅಂದರು. ಬಂದವರಿಗೆ ತೋರಿಸುವ ಮರ್ಯಾದೆ ಅದು. ನನಗೆ ಗೊತ್ತಿತ್ತು. ನಮ್ಮ ಬಾಬಾ ಕಲಿಸಿದ್ದೂ ಅದನ್ನೇ ಅಲ್ಲವೇ? ಹಾಲು ಹಾಕುವ ಹುಸೇನ ಬಂದರೆ ಉರ್ದು, ಬಾಜೂ ಮನೆಯ ಜಯದೇವಿ ಕಾಕು ಬಂದರೆ ಕನ್ನಡ. ಪರರ ಮುಂದೆ ನಮ್ಮ ನಮ್ಮಲ್ಲೇ ಮರಾಠಿ ಆಡಿದರೆ ಅವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ ಹಾಗೆ ಅಂತ ನಿನಗೆ ಒಮ್ಮೆ ಕಿವಿ ಹಿಂಡಿದ್ದರು. ಬಂದವರು ಹೋದ ಮೇಲೆ ಬಾಬಾ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಮರಾಠಿಗೆ ಇಳಿಯುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಬಷೀರುನ್ನೀಸಾ ಅವರ ಹೆಸರಿನ ಮುಂದೆ ಕನ್ನಡ ಅಂತ ಬರೆದೆ. ಮುಂದಿನ ಮನೆಗಳಲ್ಲೂ ಅದೇ ಮಾತು, ಅದೇ ಚಹಾ. ಹತ್ತು ಮನೆ ದಾಟಿದ ಮೇಲೆ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟು ನಾನೇ ತುಂಬುತ್ತಾ ಹೋದೆ. ಎಲ್ಲರಿಗಿಂತ ಮೊದಲು ಕೆಲಸ ಮುಗಿಸಿದವಳು ಅಂತ ನನ್ನನ್ನು ಹೊಗಳಿದರು.

ಡಿಸೆಂಬರ್ ಕೊನೆಯ ವಾರ ನಮ್ಮ ಮನೆಯ ಫಾರಮ್ಮಿನ ಪ್ರತಿ ಅಂಚೆಯಲ್ಲಿ ಬಂತು. ನಾನು ಶಾಲೆಯಲ್ಲಿದ್ದೆ. ಆಯಿಗೆ ಕನ್ನಡ ಓದಲು ಬರುತ್ತದೆ, ನಮ್ಮ ಒಂದನೇ ಇಯತ್ತೆಯ ಪುಸ್ತಕ ಹಿಡಿದು ನಮ್ಮ ಜೊತೆಗೇ ಕಲಿತವಳು. ತನ್ನ ಹೆಸರು, ಅದರ ಮುಂದೆ ಬರೆದಿದ್ದು, ಎರಡನ್ನೂ ಓದಿದ್ದಾಳೆ. ಮಡಚಿ ದೇವರ ಪೆಟ್ಟಿಗೆಯ ಕೆಳಗೆ ಇಟ್ಟಿದ್ದಾಳೆ. ಸಂಜೆ ನಾನು ಬಂದು ಬಾಗಿಲಿನ ಚಿಲಕ ಸದ್ದು ಮಾಡಿದೆ. ಇಷ್ಟು ವರ್ಷ ಆ ಸದ್ದಿಗೆ ಒಳಗಿನಿಂದ "ಆಲೀಸ ಕಾ ಗ?" ಅಂತ ಕೇಳುತ್ತಿತ್ತಲ್ಲ, ಆ ದಿನ ಅದೇ ಪ್ರಶ್ನೆ ಕನ್ನಡದಲ್ಲಿ, "ಬಂದ್ರೇನ್ರಿ, ಬಾಯಾರ? ಕೂಡ್ರಿ, ಚಹಾ ಮಾಡ್ತೀನಿ" ಅಂತ ಕೇಳಿತು. ಚೇಷ್ಟೆ ಅಂದುಕೊಂಡು ನಕ್ಕೆ. ಆಯಿ ನಗಲಿಲ್ಲ. ಒಳ್ಳೆಯ ಕಪ್-ಬಸಿಯಲ್ಲಿ ಚಹಾ ತಂದಿಟ್ಟಳು, ನೆಂಟರಿಗೆ ಅಂತ ಎತ್ತಿಟ್ಟ ಕಪ್-ಬಸಿ.

ಅಂದಿನಿಂದ ಹಾಗೆಯೇ ನಡೆದಿದೆ. ನಾನು ಮರಾಠಿಯಲ್ಲಿ ಕೇಳಿದರೂ ಉತ್ತರ ಕನ್ನಡದಲ್ಲಿ, ಪ್ರತಿ ಮಾತಿಗೂ ರೀ ಹಚ್ಚಿ. ಬೆಳಿಗ್ಗೆ ದೇವರ ಮುಂದೆ ಮರಾಠಿಯಲ್ಲಿ ಹಾಡಿಕೊಳ್ಳುತ್ತಾಳೆ, ನಾನು ಒಳಗೆ ಕಾಲಿಟ್ಟರೆ ನಿಲ್ಲಿಸುತ್ತಾಳೆ. ನಿನ್ನ ಫೋನು ಬಂದರೆ ನಿನ್ನ ಜೊತೆ ಮರಾಠಿ ಆಡಲು ಮೊಣಕಾಲು ನೋವಿನಲ್ಲೂ ಮಾಳಿಗೆ ಹತ್ತುತ್ತಾಳೆ, ಅದಕ್ಕೇ ನಿನಗೆ ಇದಾವುದೂ ಗೊತ್ತಾಗಿಲ್ಲ. ಒಂದು ದಿನ ಕಾಲು ಹಿಡಿದುಕೊಂಡು ಸಿಟ್ಟೇ ಆಯಿ ಅಂತ ಕೇಳಿದೆ. "ಸಿಟ್ಟೇನಿಲ್ರಿ. ಸರಕಾರದ ಕಾಗದದಾಗ ಬರದೀರಿ. ನೀವು ಸುಳ್ಳ ಬರದೀರಿ ಅಂತ ಯಾರೂ ಅನಬಾರದಲ್ರಿ" ಅಂದಳು. ನನ್ನ ನೌಕರಿ ಉಳಿಸಲು ಹಾಗೆ ಮಾಡುತ್ತಿದ್ದಾಳೋ, ನನ್ನನ್ನು ಶಿಕ್ಷಿಸುತ್ತಿದ್ದಾಳೋ, ಎರಡೂ ಹೌದೋ, ನನಗೆ ತಿಳಿಯಲಿಲ್ಲ. ಅಳು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಎದ್ದು ಹೋಗಿ ಉತ್ತರ ಪತ್ರಿಕೆ ತಿದ್ದಿದೆ.

ಜನವರಿಯಲ್ಲಿ ಶಾಲೆಗೆ ಒಂದು ಪತ್ರ ಬಂತು. ಓಣಿಯಲ್ಲಿ ಉರ್ದು ಮನೆಮಾತಿನವರು ಸಾಕಷ್ಟು ಇಲ್ಲ, ಆದ್ದರಿಂದ ಉರ್ದು ವಿಭಾಗದ ಮಕ್ಕಳನ್ನು ಕನ್ನಡ ವಿಭಾಗದಲ್ಲಿ ಕೂರಿಸಬೇಕು, ಅತಿಥಿ ಶಿಕ್ಷಕಿ ಇನ್ನು ಬೇಡ ಅಂತ. ಆ ಅತಿಥಿ ಶಿಕ್ಷಕಿ ಮುಬಶ್ಶಿರಾ, ಆರು ವರ್ಷದಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು. ಈಗಲೂ ಅದೇ ಬಸ್ಸಿಗೆ ಬರುತ್ತಾಳೆ, ಆದರೆ ಕಪನೂರಿನಲ್ಲಿ ಇಳಿಯುತ್ತಾಳೆ. ಅಲ್ಲಿ ಬೇಳೆ ಮಿಲ್ಲಿನಲ್ಲಿ ಪ್ಯಾಕೆಟ್ ತುಂಬುವ ಕೆಲಸ ಸಿಕ್ಕಿದೆ. ಇಳಿಯುವಾಗ ತೂಬಾಳನ್ನು ನೋಡಿಕೊಳ್ಳಿರಿ ಅಂತ ದಿನಾ ಹೇಳುತ್ತಾಳೆ. ಮುಬಶ್ಶಿರಾಳ ಸೆರಗು ಹಿಡಿದು ಕತೆ ಹೇಳಿ ಹೇಳಿ ತಲೆ ತಿನ್ನುತ್ತಿದ್ದ ಆ ಹುಡುಗಿ ಈಗ ನನ್ನ ತರಗತಿಯಲ್ಲಿ ಮೂರನೇ ಸಾಲಿನಲ್ಲಿ ಕೂರುತ್ತಾಳೆ. ಏನು ಕೇಳಿದರೂ "ಹೌದ್ರೀ ಟೀಚರ್" ಅನ್ನುತ್ತಾಳೆ. ಹೊಟ್ಟೆ ನೋಯುತ್ತದೆಯೇ ಅಂದರೂ ಹೌದ್ರೀ, ಊಟ ಆಯಿತೇ ಅಂದರೂ ಹೌದ್ರೀ. ಮೊನ್ನೆ ಅವಳ ಮುಖ ನೋಡುತ್ತಿದ್ದಾಗ ಮನೆಯ ಕಪ್-ಬಸಿ ನೆನಪಾಯಿತು. ಪಾಠ ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದೇ ಮರೆತುಹೋಯಿತು.

ಸಮೀಕ್ಷೆಯ ಮೇಲ್ವಿಚಾರಕ ದೌಲಪ್ಪ ಸರ್ ಹತ್ತಿರ ಹೋಗಿ ತಪ್ಪೊಪ್ಪಿಗೆ ಬರೆದು ಕೊಟ್ಟೆ. ಕೇಳದೆಯೇ ಬರೆದೆ, ನನ್ನ ಮನೆಯದನ್ನೂ ತಪ್ಪು ಬರೆದೆ ಅಂತ. ಮುಬಶ್ಶಿರಾಳಂಥವರನ್ನು ಜೊತೆಗೆ ಕಳಿಸಿ ಉರ್ದುವಿನಲ್ಲೇ ಕೇಳಿಸಿ, ಆಗ ಖರೆ ಉತ್ತರ ಬರುತ್ತದೆ ಅಂತ ಕೇಳಿಕೊಂಡೆ. ಅವರು ಕೆಟ್ಟವರಲ್ಲ, ಆದರೆ ನಕ್ಕರು. "ಎಲ್ಲಾರಿಗೂ ಕನ್ನಡ ಬರ್ತದ, ಮತ್ತೇನ್ ತೊಂದ್ರಿ? ಕನ್ನಡ ಕಲಸೋರೇ ಕನ್ನಡ ಕಡಿಮಿ ಮಾಡ್ರಿ ಅಂತ ಬಂದೀರಲ್ರಿ" ಅಂದರು. ಕನ್ನಡ ಕಡಿಮೆಯಾಗುವುದಿಲ್ಲ ಸರ್, ಮಗು ಮಾತು ಬಿಡುತ್ತದೆ ಅಂದೆ. ಅವರು, ಮೊದಲು ನಿಮ್ಮ ಮನೆಗೇ ಬಂದು ನೋಡುತ್ತೇನೆ, ಮನೆಮಾತು ಮರಾಠಿ ಅನ್ನುವುದು ಖರೆ ಇದ್ದರೆ ಆ ನಲವತ್ತಮೂರು ಮನೆಗಳನ್ನೂ ಮತ್ತೆ ಕೇಳಿಸುತ್ತೇನೆ, ಇಲ್ಲದಿದ್ದರೆ ಅರ್ಜಿ ವಾಪಸ್ ಅಂದರು. ನನಗೆ ನೋಟಿಸ್ ಬರುವುದು ಹೇಗೂ ತಪ್ಪದು. ಬರಲಿ. ಅದರ ಬಗ್ಗೆ ಹೆದರಿಕೆಯೂ ಆಗುತ್ತಿಲ್ಲ, ಏನೂ ಆಗುತ್ತಿಲ್ಲ.

ವಹಿನಿಗೆ ನಮಸ್ಕಾರ, ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು. ಆಯಿಯ ಆಶೀರ್ವಾದವನ್ನು ಕೇಳದೆಯೇ ನಾನೇ ಬರೆಯುತ್ತಿದ್ದೇನೆ. ಹೀಗೆ ಕೇಳದೆ ಬರೆಯುವುದು ನನಗೆ ರೂಢಿಯಾಗಿಬಿಟ್ಟಿದೆ. ಬೆಲ್ಟು ಕಟ್ಟಿಕೋ.

ನಿನ್ನ ತಂಗಿ,
ಮೃದುಲಾ

ತಾ.ಕ.: ದೌಲಪ್ಪ ಸರ್ ಬರುವುದು ಇಪ್ಪತ್ತೊಂದನೇ ತಾರೀಖು, ಶನಿವಾರ ಬೆಳಿಗ್ಗೆ ಹತ್ತಕ್ಕೆ. ಅವರು ಕನ್ನಡದಲ್ಲಿ ಕೇಳುತ್ತಾರೆ, ಆಯಿ ಚಹಾ ಕೊಟ್ಟು ಕನ್ನಡವೇ ನಮ್ಮ ಮನೆಮಾತು ಅನ್ನುತ್ತಾಳೆ, ಅಲ್ಲಿಗೆ ತೂಬಾಳ ಶಾಲೆ ಮುಗಿಯಿತು. ನಾನು ಬೇಡಿಕೊಂಡರೆ "ಆಯ್ತ್ರಿ ಬಾಯಾರ" ಅನ್ನುತ್ತಾಳೆ ಅಷ್ಟೇ. ಹೇಗಾದರೂ ರಜೆ ಹಾಕಿ ಶುಕ್ರವಾರ ರಾತ್ರಿಯ ಬಸ್ಸು ಹತ್ತು. ಬರುವುದನ್ನು ಆಯಿಗೆ ಹೇಳಬೇಡ. ಹತ್ತೂಕಾಲಿಗೆ ಬಾಗಿಲಿಗೆ ಬಂದು, ಆಯಿ ಅಂತ ಒಮ್ಮೆ ಕರೆದು, ಚಿಲಕ ಸದ್ದು ಮಾಡು ಸಾಕು. ಎರಡು ವರ್ಷದ ಮೇಲೆ ಮಗನ ದನಿ ಕೇಳಿದರೆ ಅವಳಿಗೆ ಯಾವ ಸರ್ ಎದುರು ಕೂತಿದ್ದಾರೆ ಅನ್ನುವುದೂ ನೆನಪಿರುವುದಿಲ್ಲ, ಬಾಯಿಗೆ ಬರುವುದು ನಮ್ಮ ಮಾತೇ. ಅವರು ಕೇಳಿಸಿಕೊಳ್ಳಲಿ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತೇನೆ. ಅವಳು "ಆಲಾಸ ಕಾ ರೆ?" ಅನ್ನುವುದು ನಿನಗೆ, ನನಗಲ್ಲ ಅಂತ ಗೊತ್ತು, ಆದರೂ ಆ ಮಾತು ಕಿವಿಗೆ ಬಿದ್ದು ನಲವತ್ತು ದಿನದ ಮೇಲಾಯಿತು ದಾದಾ.