ಕೆಳಮನೆಯಲ್ಲಿ ತಯಾರಾದ ಪೆನ್‌ಡ್ರೈವ್

ನಮ್ಮ ಮನೆ,
ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಮನೆಯೊಡತಿಗೆ,

ಸಮಸ್ತ ಲೋಕದ ಗಮನಕ್ಕೆ ತರುವುದೇನೆಂದರೆ, ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿಕೊಂಡು ಬಂದ ನಿನ್ನ ಗಂಡ ಇಂದು ಬೆಳಿಗ್ಗೆ ಒಂದು ಪೆನ್‌ಡ್ರೈವ್ ಚುಚ್ಚಿ, ಸತ್ತಂತೆ ಬಿದ್ದಿದ್ದ ನಿನ್ನ ಕಂಪ್ಯೂಟರನ್ನು ಎಬ್ಬಿಸಿ ಕೂರಿಸಿದ್ದಾನೆ. ಅದಿರಲಿ, ನೀನು ಹೇಗಿದ್ದೀಯ? ನಾದಿನಿಯ ಮುರಿದ ಕಾಲು ಕೂಡಿಕೊಳ್ಳುತ್ತಿದೆಯೇ? ಅವಳ ಆರೈಕೆಯಲ್ಲಿ ನಿನ್ನ ಸೊಂಟ ಹಿಡಿದುಕೊಳ್ಳದಿರಲಿ. ಫೋನಿನಲ್ಲಿ ಹೇಳಿದರೆ ಅವಳೂ ಕೇಳಿಸಿಕೊಂಡು ನಗುತ್ತಾಳೆಂದು ಕಾಗದ ಬರೆಯುತ್ತಿದ್ದೇನೆ.

ಕಂಪ್ಯೂಟರು ನೀಲಿ ಮುಖ ಮಾಡಿಕೊಂಡು ನಿಂತಿದೆ ಎಂದಾಗ ನೀನು ಏನಂದೆ? "ನೀವು ಕೈ ಹಾಕ್ಬೇಡಿ, ಕೆಳಮನೆಯವ್ರನ್ನ ಕರೀರಿ, ಅವ್ರ ಕೈಗುಣ ಚೆನ್ನಾಗಿದೆ." ಕೈಗುಣವಂತೆ. ಕಂಡವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವವನಿಗೆ ಕೈಗುಣ. ಸಾಸಿವೆಗಿಂತ ಸಣ್ಣ ಸ್ಕ್ರೂ ತಿರುಗಿಸುವ ನನಗೆ ಬರೀ ಕೈ. ಆವತ್ತು ನನಗೆ ಊಟ ಸೇರಲಿಲ್ಲ. ಸೇರಿತು, ಆದರೆ ರುಚಿಸಲಿಲ್ಲ.

ನಾನೇ ಮಾಡಿ ತೋರಿಸುತ್ತೇನೆಂದು ಓದಿ ತಿಳಿದುಕೊಂಡೆ. ಏಳದ ಕಂಪ್ಯೂಟರನ್ನು ಎಬ್ಬಿಸುವ ಸರಂಜಾಮನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಬೇಕು. ಅದೇ ರಿಕವರಿ ಡ್ರೈವ್. ಆದರೆ ತುಂಬಲು ಏಳುವ ಕಂಪ್ಯೂಟರು ಒಂದು ಬೇಕು. ಈ ಕಟ್ಟಡದಲ್ಲಿ ಅದಿರುವುದು ಯಾರ ಮನೆಯಲ್ಲಿ? ಹೊಟ್ಟೆ ಉರಿಸಿಕೊಂಡೇ ಕೆಳಗಿಳಿದು ಬಾಗಿಲು ತಟ್ಟಿದೆ. ಅವನು ಚಪ್ಪಲಿ ಮೆಟ್ಟಿಯೇಬಿಟ್ಟ: "ನಾನೇ ಬರ್ತೀನಿ ಬಿಡಿ ಸಾರ್, ಮೇಡಮ್ಮೋರ ಮಷೀನು ನಂಗೆ ಗೊತ್ತು." ಗೊತ್ತಂತೆ! "ನಿಮ್ಮ ಕಂಪ್ಯೂಟರು ಸಾಕು, ನೀವು ಬೇಡ" ಎಂದೆ. ಪುಣ್ಯಾತ್ಮ ಕುರ್ಚಿ ಕೊಟ್ಟು ಚಹಾ ಬೇರೆ ಕೊಟ್ಟ. ಅದೂ ಚೆನ್ನಾಗಿತ್ತು, ದರಿದ್ರದ್ದು.

ಪೆನ್‌ಡ್ರೈವಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ ಎಂದು ಪರದೆ ಎಚ್ಚರಿಸಿತು. ನನ್ನದು ಹೊಚ್ಚ ಹೊಸದು, ಅಳಿಸಲು ಏನೂ ಇರಲಿಲ್ಲ. ಕಟ್ಟಡದವರ ಫೋಟೋದಲ್ಲಿ ಅವನು ನಿನ್ನ ಪಕ್ಕ ಹಲ್ಲು ಬಿಟ್ಟುಕೊಂಡು ನಿಂತಿದ್ದಾನಲ್ಲ, ಅದನ್ನಾದರೂ ಹಾಕಿಕೊಂಡು ಬರಬೇಕಿತ್ತು.

ಮೇಲೆ ತಂದು ಚುಚ್ಚಿದರೆ ಕಂಪ್ಯೂಟರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಪೆನ್‌ಡ್ರೈವಿನ ಮಾತು ಕೇಳು ಎಂದು ಆನ್ ಮಾಡುವಾಗಲೇ ಒಂದು ಕೀ ಒತ್ತಿ ಹೇಳಬೇಕಂತೆ. ಹೇಳಿದೆ. ಕೇಳಿತು. ಎದ್ದು ನಿನ್ನ ಹೆಸರು ತೋರಿಸಿತು. ಇನ್ನು ನಾದಿನಿಯ ಮುಂದೆ ಒಂದೇ ಒಂದು ಸಲ "ನಮ್ಮನೆಯವ್ರೇ ಸರಿಮಾಡಿದ್ರು" ಅಂದುಬಿಡು, ನನಗೆ ಅಷ್ಟು ಸಾಕು. ಅವಳಿಗೆ ನನ್ನ ಆಶೀರ್ವಾದ, ಅವಳ ಕಾಲಿಗೂ.

ಇಂತಿ,
ಬರೀ ಕೈಯವನು

ಮರೆತೆ: ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತ ನಿಂತಿದೆ. ನನ್ನ ಹುಟ್ಟಿದ ದಿನ ಹಾಕಿದೆ, ಮದುವೆಯ ದಿನ ಹಾಕಿದೆ, ಎರಡೂ ಅಲ್ಲವಂತೆ. ಕೆಳಮನೆಯವನು ಮೆಟ್ಟಿಲಲ್ಲಿ ಸಿಕ್ಕಿ, "ಮೇಡಮ್ಮೋರು ಹೋದ್ಸಲ ಹೇಳಿದ್ರು, ಹೇಳ್ಲಾ ಸಾರ್?" ಅಂದ. ಎರಡೂ ಕಿವಿ ಮುಚ್ಚಿಕೊಂಡು ಹತ್ತಿ ಬಂದೆ. ಅವನು ಮತ್ತೆ ಸಿಗುವುದರೊಳಗೆ ಅದನ್ನು ನೀನೇ ನನಗೆ ತಿಳಿಸು.